ತಲಪಾಡಿ ಆಚೆ ಕೊಂಡ ಮಂಚ, ನ್ಯಾಯ ಕಾಸರಗೋಡಿನಲ್ಲೇ ಉಂಟು

ಮಂಜೇಶ್ವರ: ಮಗಳ ಮದುವೆಗೆಂದು ಕೊಂಡ ಮಂಚ. ಬೀಡಿ ಕಟ್ಟಿ ಉಳಿಸಿದ ಹಣ ಸ್ವಲ್ಪ, ಕುಟುಂಬಶ್ರೀ ಸಂಘದ ಸಾಲ ಸ್ವಲ್ಪ. ಅಳಿಯ ಮನೆಗೆ ಬಂದರೆ ಒಂದು ಕೋಣೆಯಾದರೂ ಸರಿಯಾಗಿ ಇರಬೇಕಲ್ಲ ಎಂದು ತಾಯಿ ಮಂಗಳೂರಿನ ಅಂಗಡಿಗೆ ಹೋಗಿ ಮಂಚ, ಕಪಾಟು ಎರಡನ್ನೂ ಆರಿಸಿದರು. ಒಟ್ಟು 42 ಸಾವಿರ ರೂಪಾಯಿ. 'ಅಪ್ಪಟ ಸಾಗುವಾನಿ ಅಕ್ಕ, ಮೊಮ್ಮಕ್ಕಳ ಕಾಲಕ್ಕೂ ಬರ್ತದೆ' ಎಂದರು ಅಂಗಡಿಯವರು. ತಲಪಾಡಿ ದಾಟಿ ಟೆಂಪೋ ಬಂತು. ಇಳಿಸಿದವರು ಒಂದು ಚೀಟಿಗೆ ಸಹಿ ಹಾಕಿಸಿಕೊಂಡು ಹೊರಟು ಹೋದರು.

ಮದುವೆ ಕಳೆದು ಮೂರನೇ ವಾರ. ಬೆಳಿಗ್ಗೆ ಕೋಣೆ ಗುಡಿಸುವಾಗ ಮಂಚದ ಕಾಲಿನ ಬುಡದಲ್ಲಿ ಗೋಧಿ ಹಿಟ್ಟಿನಂಥ ಹುಡಿ. ಗುಡಿಸಿ ತೆಗೆದರೆ ಮರುದಿನ ಮತ್ತೆ ಅಷ್ಟೇ. ಕಣ್ಣಿಟ್ಟು ನೋಡಿದರೆ ಮರದಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು. ಕಪಾಟಿನ ಬಾಗಿಲಿನ ಕೆಳಗಿನ ಅಂಚು ಉಬ್ಬಿದೆ, ಮೇಲಿನ 'ಸಾಗುವಾನಿ' ಸಿಪ್ಪೆಯ ಹಾಗೆ ಎದ್ದು ಬಂದಿದೆ. ಒಳಗಿರುವುದು ಮರದ ಹುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ!

ಅಂಗಡಿಗೆ ಫೋನ್ ಹೋಯಿತು. ಮೊದಲ ಸಲ ಬಂದ ಉತ್ತರ: 'ಮರ ಅಲ್ವಾ ಅಕ್ಕ, ಸ್ವಲ್ಪ ಹುಡಿ ಬೀಳ್ತದೆ. ಎಣ್ಣೆ ಉಜ್ಜಿ, ಸರಿಯಾಗ್ತದೆ.' ಎರಡನೇ ಸಲ: 'ಓನರ್ ಊರಲ್ಲಿಲ್ಲ.' ಮೂರನೇ ಸಲ: 'ಬಿಲ್ಲಲ್ಲೇ ಬರೆದುಂಟಲ್ಲ, ಮಾರಿದ ಮಾಲು ವಾಪಸ್ ತೆಗೊಳ್ಳುದಿಲ್ಲ ಅಂತ.'

ಮನೆಯ ಹಿರಿಯರು ಕೊನೆಗೆ ಹೇಳುವ ಮಾತೂ ಗೊತ್ತಿದ್ದದ್ದೇ. 'ಹೋಗ್ಲಿ ಬಿಡು. ಅಂಗಡಿ ಕರ್ನಾಟಕದ್ದು, ನಾವು ಕೇರಳದವ್ರು. ಕೇಸು ಗೀಸು ಅಂತ ಮಂಗಳೂರಿಗೆ ಓಡ್ಲಿಕ್ಕೆ ಯಾರಿಗೆ ಪುರುಸೊತ್ತುಂಟು?'

ಇದು ಒಂದು ಮನೆಯ ಹೆಸರು ಹಿಡಿದು ಹೇಳುವ ಕಥೆಯಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯ ಯಾರ ಮನೆಯಲ್ಲೂ ನಡೆಯಬಹುದಾದ ಸಂಗತಿ. ಬಟ್ಟೆ, ಚಿನ್ನ, ಮಂಚ, ಸೋಫಾ ಎಂದರೆ ಗಡಿನಾಡಿನ ಕನ್ನಡಿಗರ ಕಾಲು ಮೊದಲು ತಿರುಗುವುದು ಮಂಗಳೂರಿನ ಕಡೆಗೆ. ಅಲ್ಲಿ ಭಾಷೆ ನಮ್ಮದು, ಅಂಗಡಿ ಹೆಚ್ಚು, ಬಸ್ಸೂ ಹೆಚ್ಚು. ವಸ್ತು ಕೆಟ್ಟು ಹೋದಾಗ ಮಾತ್ರ ಗಡಿ ದೊಡ್ಡ ಗೋಡೆಯಾಗಿ ಕಾಣುತ್ತದೆ. ಆದರೆ ಕಾನೂನಿನಲ್ಲಿ ಆ ಗೋಡೆ 2020ರಲ್ಲೇ ಬಿದ್ದಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಹಿಂದೆ ಹೇಗಿತ್ತು, ಈಗ ಹೇಗೆ?

ಹಿರಿಯರ ಮಾತು ಪೂರ್ತಿ ತಪ್ಪಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡಬೇಕಾದದ್ದು ಅಂಗಡಿಯವರು ಇರುವ ಅಥವಾ ವ್ಯಾಪಾರ ಮಾಡುವ ಜಿಲ್ಲೆಯಲ್ಲಿ. ಇಲ್ಲವೇ ದೂರಿಗೆ ಕಾರಣವಾದ ಘಟನೆ ನಡೆದ ಜಿಲ್ಲೆಯಲ್ಲಿ. ಗ್ರಾಹಕನ ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕೇ ಇರಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ವಿಮೆಯ ಒಂದು ಪ್ರಕರಣದಲ್ಲಿ ಅಂಬಾಲದಲ್ಲಿ ಬೆಂಕಿ ಬಿದ್ದದ್ದಕ್ಕೆ ಚಂಡೀಗಢದಲ್ಲಿ ದೂರು ಕೊಡಲಾಗಿತ್ತು. ಕಂಪೆನಿಗೆ ಅಲ್ಲೊಂದು ಶಾಖೆ ಇದ್ದರೆ ಸಾಲದು, ದೂರಿನ ಕಾರಣವೂ ಅಲ್ಲಿಯೇ ಹುಟ್ಟಿರಬೇಕು ಎಂದು ಕೋರ್ಟು ಹೇಳಿತು. ಹೀಗಾಗಿ 'ಎಲ್ಲಿ ಕೊಂಡಿರೋ ಅಲ್ಲಿಗೇ ಹೋಗಿ' ಎಂಬ ಮಾತು ಜನರ ತಲೆಯಲ್ಲಿ ಗಟ್ಟಿಯಾಯಿತು.

ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಪಾಸಾಗಿ 2020ರ ಜುಲೈ 20ರಂದು ಜಾರಿಗೆ ಬಂತು. ಅದರ 34ನೇ ಕಲಂ ಒಂದು ಸಾಲನ್ನು ಹೊಸದಾಗಿ ಸೇರಿಸಿತು. ದೂರುದಾರ ವಾಸವಾಗಿರುವ ಅಥವಾ ಸ್ವತಃ ದುಡಿಯುವ ಜಿಲ್ಲೆಯ ಆಯೋಗದಲ್ಲೂ ದೂರು ಕೊಡಬಹುದು. ಅಂದರೆ ಮಂಚ ಕೊಂಡದ್ದು ಮಂಗಳೂರಿನಲ್ಲಾದರೂ ಮನೆ ಮಂಜೇಶ್ವರದಲ್ಲಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗವೇ ಸಾಕು. ಗಡಿ ದಾಟಿ ಬಂದು ಉತ್ತರ ಕೊಡಬೇಕಾದವರು ಅಂಗಡಿಯವರು!

ಇದು ಕಾಸರಗೋಡಿಗೆ ಮಾತ್ರ ಇರುವ ಸೌಲಭ್ಯವಲ್ಲ. ಕಲಬುರಗಿಯಲ್ಲಿ ಕೊಂಡ ಅಕ್ಕಲಕೋಟೆಯವರಿಗೆ ಸೊಲ್ಲಾಪುರ, ವಿಜಯಪುರದಲ್ಲಿ ಕೊಂಡ ಜತ್ತದವರಿಗೆ ಸಾಂಗ್ಲಿ, ಬಳ್ಳಾರಿಯಲ್ಲಿ ಕೊಂಡ ಆದೋನಿಯವರಿಗೆ ಕರ್ನೂಲು, ಚಾಮರಾಜನಗರದಲ್ಲಿ ಕೊಂಡ ತಾಳವಾಡಿಯವರಿಗೆ ಈರೋಡು, ಬೆಂಗಳೂರಿನಲ್ಲಿ ಕೊಂಡ ಹೊಸೂರಿನವರಿಗೆ ಕೃಷ್ಣಗಿರಿ. ಹೀಗೆ ಅವರವರ ಜಿಲ್ಲೆಯ ಆಯೋಗವೇ ಅವರವರಿಗೆ. ಮೊದಲಿದ್ದ ದಾರಿ ಮುಚ್ಚಿಲ್ಲ. ಮಂಗಳೂರಿನಲ್ಲೇ ದುಡಿಯುವವರಿಗೆ ಅಲ್ಲಿಯೇ ಅನುಕೂಲ ಎನಿಸಿದರೆ ಅಲ್ಲಿಯೂ ಕೊಡಬಹುದು.

ದೋಷ ಯಾವುದು, ಮರದ ಗುಣ ಯಾವುದು?

ಹಿಂದೆ ಆಚಾರಿ ಮನೆಗೇ ಬಂದು ಕೆಲಸ ಮಾಡುತ್ತಿದ್ದರು. ಹಿತ್ತಿಲಿನ ಹಲಸು, ಕಡಿದು ಒಣಗಿಸಿದ್ದು ಎಷ್ಟು ಮಳೆಗಾಲ ಎಂಬುದು ಮನೆಯವರಿಗೂ ಗೊತ್ತು. ತಪ್ಪು ಕಂಡರೆ ಜಗಲಿಯಲ್ಲೇ ಮಾತು, ಅಲ್ಲಿಯೇ ರಿಪೇರಿ. ಈಗ ಪಾಲಿಶ್‌ನ ಕೆಳಗೆ ಯಾವ ಮರ ಇದೆ ಎಂದು ಕೊಳ್ಳುವವರಿಗೆ ಕಾಣುವುದಿಲ್ಲ. ಹಾಗಾಗಿ ನಂಬುವುದು ಅಂಗಡಿಯವರ ಮಾತನ್ನು.

ಆ ಮಾತಿಗೆ ಕಾಯ್ದೆಯಲ್ಲಿ ಬೆಲೆ ಉಂಟು. ಕಾನೂನಿನ ಪ್ರಕಾರ ಇರಬೇಕಾದ ಗುಣಮಟ್ಟದಲ್ಲಿ ಕೊರತೆ ಇದ್ದರೆ ಅದು ದೋಷ. ಒಪ್ಪಂದದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇದ್ದರೂ ದೋಷ. ವ್ಯಾಪಾರಿ 'ಹೀಗಿದೆ' ಎಂದು ಹೇಳಿಕೊಂಡದ್ದಕ್ಕಿಂತ ಕಡಿಮೆ ಇದ್ದರೂ ದೋಷವೇ. 'ಸಾಗುವಾನಿ' ಎಂದು ಮಾರಿ ಒಳಗೆ ಹುಡಿ ಹಲಗೆ ಕೊಟ್ಟರೆ, ಅದು ಮುರಿಯದಿದ್ದರೂ ದೋಷ. 1930ರ ಸರಕು ಮಾರಾಟ ಕಾಯ್ದೆಯೂ ಹೇಳಿದ ವಿವರಣೆಗೆ ತಕ್ಕ ಮಾಲನ್ನೇ ಕೊಡಬೇಕು ಎನ್ನುತ್ತದೆ.

ಹಾಗೆಂದು ಎಲ್ಲವೂ ಅಂಗಡಿಯವರ ತಪ್ಪಲ್ಲ. ಕರಾವಳಿಯ ಆಟಿ ಮಳೆಗೆ ಮರ ಸ್ವಲ್ಪ ನೀರು ಹೀರಿ ಹಿಗ್ಗುತ್ತದೆ, ಕಪಾಟಿನ ಬಾಗಿಲು ಬಿಗಿಯಾಗುತ್ತದೆ, ಬೇಸಿಗೆಗೆ ಮತ್ತೆ ಸಡಿಲವಾಗುತ್ತದೆ. ಅದು ಮರದ ಗುಣ. ಹಲಗೆ ಹಲಗೆಗೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಇದ್ದರೆ ಅದೂ ಮರದ ಗುಣವೇ. ಆದರೆ ಒತ್ತಿದ ಹುಡಿಯ ಹಲಗೆ ನೀರು ತಾಗಿ ಒಮ್ಮೆ ಉಬ್ಬಿದರೆ ಬೇಸಿಗೆ ಬಂದರೂ ಮೊದಲಿನ ಹಾಗೆ ಆಗುವುದಿಲ್ಲ.

ಹುಳದಲ್ಲೂ ಎರಡು ಬಗೆ. ಒರಲೆ, ಅಂದರೆ ಗೆದ್ದಲು, ನೆಲದಿಂದ ಅಥವಾ ಗೋಡೆಯಿಂದ ಮಣ್ಣಿನ ದಾರಿ ಮಾಡಿಕೊಂಡು ಬರುತ್ತದೆ. ಅದು ಮನೆಯಲ್ಲಿ ಹತ್ತಿದ್ದು ಎಂದು ಅಂಗಡಿಯವರು ವಾದಿಸಿದರೆ ಉತ್ತರ ಕೊಡುವುದು ಕಷ್ಟ. ನುಣ್ಣನೆಯ ಹಿಟ್ಟು ಉದುರಿಸುವ ಕುಟ್ಟೆ ಹುಳದ ಕಥೆ ಬೇರೆ. ಅದು ಮರದ ಹೊರಗಿನ ಬಿಳಿ ಭಾಗದಲ್ಲಿರುವ ಪಿಷ್ಟ ತಿಂದು ಒಳಗೇ ಬೆಳೆಯುತ್ತದೆ. ಮೊಟ್ಟೆಯಿಂದ ಹುಳವಾಗಿ, ತೂತು ಕೊರೆದು ಹೊರಗೆ ಬರಲು ತಿಂಗಳುಗಳೇ ಬೇಕು. ಮದ್ದು ಹಾಕಿ ಸಂಸ್ಕರಿಸದ ರಬ್ಬರ್ ಮರಕ್ಕೆ ಇದರ ಕಾಟ ಹೆಚ್ಚು. ಸಾಗುವಾನಿಯ ತಿರುಳಿಗೆ ಇದು ಸುಲಭದಲ್ಲಿ ಬರುವುದಿಲ್ಲ.

ಇಲ್ಲೇ ಇರುವುದು ಗ್ರಾಹಕನ ಬಲ. ಮನೆಗೆ ಬಂದು ಮೂರೇ ವಾರಕ್ಕೆ ತೂತು ಕಂಡು ಹುಡಿ ಉದುರಿತು ಎಂದರೆ ಹುಳ ಮರದೊಳಗೆ ಮೊದಲೇ ಇತ್ತು ಎಂದು ವಾದಿಸಬಹುದು. 'ನಿಮ್ಮ ಮನೆಯಲ್ಲಿ ಹಿಡಿದದ್ದು' ಎಂಬ ಮಾತಿಗೆ ತೂಕ ಉಳಿಯುವುದಿಲ್ಲ. ಆದರೆ ಮಂಚ ಬಂದದ್ದು ಯಾವ ದಿನ, ಹುಡಿ ಕಂಡದ್ದು ಯಾವ ದಿನ ಎಂದು ತೋರಿಸಲು ಕೈಯಲ್ಲಿ ಏನಾದರೂ ಇರಬೇಕು.

'ವಾಪಸ್ ಇಲ್ಲ' ಎಂಬ ಸೀಲಿನ ಬೆಲೆ ಎಷ್ಟು?

ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಮಾರಿದ ಮಾಲನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ' ಎಂಬ ಸಾಲು ನೋಡಿ ಅನೇಕರು ಅಲ್ಲಿಗೇ ಸುಮ್ಮನಾಗುತ್ತಾರೆ. ಮನೆಗೆ ತಂದ ಮೇಲೆ ಬಣ್ಣ ಹಿಡಿಸಲಿಲ್ಲ, ಕೋಣೆಗೆ ದೊಡ್ಡದಾಯಿತು ಎಂಬ ಕಾರಣಕ್ಕೆ ಹಿಂದೆ ಕೊಡಲು ಹೋದರೆ ಅಂಗಡಿಯವರು ಆ ಸಾಲನ್ನು ತೋರಿಸಬಹುದು. ಮಾಲಿನಲ್ಲೇ ದೋಷ ಇದ್ದಾಗ ಆ ಸಾಲು ಗ್ರಾಹಕನ ಹಕ್ಕನ್ನು ಕಸಿಯುವುದಿಲ್ಲ.

2019ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ಹಿಂದೆ ಪಡೆದು ಹಣ ಕೊಡಬೇಕು. ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ 30 ದಿನದೊಳಗೆ ಕೊಡಬೇಕು. ಹಾಗೆ ಮಾಡಲು ಒಪ್ಪದಿದ್ದರೆ ಅದು 'ಅನುಚಿತ ವ್ಯಾಪಾರ ಪದ್ಧತಿ'. ಮಾರಿದ ಮಾಲಿಗೆ ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ.

'ಬಿಲ್ ಬೇಕಾದ್ರೆ ಜಿಎಸ್‌ಟಿ ಸೇರಿ ಜಾಸ್ತಿ ಆಗ್ತದೆ, ಹಾಗೇ ತೆಗೊಂಡ್ರೆ ಕಡಿಮೆ ಮಾಡಿ ಕೊಡ್ತೇನೆ' ಎಂಬ ಮಾತು ಕೇಳದವರಿಲ್ಲ. ಆ ದಿನ ಉಳಿಯುವುದು ಕೆಲವು ಸಾವಿರ. ಹುಡಿ ಉದುರಿದ ದಿನ ಹೋಗುವುದು ಪೂರ್ತಿ ಹಣ. ರಸ್ತೆ ಬದಿಯಲ್ಲಿ ಸೋಫಾ ಇಟ್ಟು ಮಾರಿ ನಾಳೆ ಬೇರೆ ಊರಿಗೆ ಹೋಗುವವರಿಂದ, ವ್ಯಾನಿನಲ್ಲಿ ಮನೆ ಬಾಗಿಲಿಗೆ ತಂದು ಕಂತಿನಲ್ಲಿ ಕೊಡುವವರಿಂದ ಕೊಳ್ಳುವಾಗ ಈ ಅಪಾಯ ಇನ್ನೂ ದೊಡ್ಡದು. ವಿಳಾಸವೇ ಇಲ್ಲದವರ ಮೇಲೆ ದೂರು ಕೊಡುವುದು ಹೇಗೆ?

ಟೆಂಪೋ ಬಂದ ದಿನವೇ

ಮಾಲು ಇಳಿಸುವಾಗ ಎಲ್ಲರಿಗೂ ಅವಸರ. ಟೆಂಪೋದವರಿಗೆ ಇನ್ನೊಂದು ಮನೆಗೆ ಹೋಗಬೇಕು, ಮನೆಯವರಿಗೆ ಅಡುಗೆ ಕೋಣೆಯಲ್ಲಿ ಕೆಲಸ. 'ಇಲ್ಲೊಂದು ಸೈನ್ ಹಾಕಿ' ಎಂದಾಗ ಓದದೆ ಸಹಿ ಹಾಕುವುದು ರೂಢಿ. ಆ ಚೀಟಿಯಲ್ಲಿ ಹೆಚ್ಚಾಗಿ ಇರುವುದು 'ಮಾಲು ಸುಸ್ಥಿತಿಯಲ್ಲಿ ತಲುಪಿದೆ' ಎಂಬ ಒಕ್ಕಣೆ. ಗೀರು, ಬಿರುಕು, ಮುರಿದ ಕಾಲು, ಕಡಿಮೆ ಬಂದ ಸ್ಕ್ರೂ ಏನೇ ಕಂಡರೂ ಸಹಿಯ ಪಕ್ಕದಲ್ಲೇ ಕನ್ನಡದಲ್ಲಾದರೂ ಬರೆಯಬೇಕು. ಬಿಚ್ಚಿ ನೋಡಲು ಸಮಯ ಸಿಗದಿದ್ದರೆ 'ಪರೀಕ್ಷಿಸಿಲ್ಲ' ಎಂದು ಬರೆದು ಸಹಿ ಹಾಕಬೇಕು. ಮೊದಲೇ ನೋಡಿರದ ಮಾಲನ್ನು ಪರೀಕ್ಷಿಸಲು ಸರಿಯಾದ ಅವಕಾಶ ಸಿಗುವವರೆಗೆ ಕೊಂಡವನು ಅದನ್ನು ಒಪ್ಪಿಕೊಂಡ ಹಾಗೆ ಆಗುವುದಿಲ್ಲ ಎಂದು ಸರಕು ಮಾರಾಟ ಕಾಯ್ದೆಯ 41ನೇ ಕಲಂ ಹೇಳುತ್ತದೆ.

ಕಟ್ಟು ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೋ ತೆಗೆದಿಡುವುದು ಇನ್ನೂ ಒಳ್ಳೆಯದು. ಆನ್‌ಲೈನಿನಲ್ಲಿ ತರಿಸಿದ ಮೇಜು, ಕುರ್ಚಿಗೆ ಇದು ಬೇಕೇ ಬೇಕು. ಆನ್‌ಲೈನ್ ವ್ಯಾಪಾರಕ್ಕೆ 2020ರಲ್ಲಿ ಬಂದ ನಿಯಮಗಳ ಪ್ರಕಾರ ದೂರು ಬಂದರೆ ಕಂಪೆನಿಯ ದೂರು ಅಧಿಕಾರಿ 48 ಗಂಟೆಯೊಳಗೆ ಅದು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೋಷವುಳ್ಳ ಅಥವಾ ಜಾಹೀರಾತಿನಲ್ಲಿ ತೋರಿಸಿದ ಹಾಗೆ ಇಲ್ಲದ ಮಾಲನ್ನು ಹಿಂದೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ.

ದೋಷ ಕಂಡ ಮೇಲೆ ಮಾಡಬಾರದ ಕೆಲಸ ಒಂದಿದೆ. ಊರಿನ ಆಚಾರಿಯನ್ನು ಕರೆಸಿ ತಕ್ಷಣ ರಿಪೇರಿ ಮಾಡಿಸುವುದು! ಮರ ಬದಲಿಸಿದರೆ, ಮದ್ದು ಹೊಡೆದರೆ, ಸಾಕ್ಷಿಯೇ ಹೋಯಿತು. ಆಚಾರಿಯನ್ನು ಕರೆಸುವುದೇ ಆದರೆ ಮರ ಯಾವುದು, ದೋಷ ಏನು ಎಂದು ಒಂದು ಹಾಳೆಯಲ್ಲಿ ಬರೆಸಿ ದಿನಾಂಕ, ಸಹಿ ಪಡೆದಿಟ್ಟುಕೊಳ್ಳುವುದು ಜಾಣತನ.

ಮೊದಲು ಒಂದು ಕಾಗದ

ಫೋನಿನಲ್ಲಿ ಎಷ್ಟು ಸಲ ಹೇಳಿದರೂ ಅದು ಗಾಳಿಗೆ ಹೋದ ಮಾತು. ಬರೆದು ಕಳುಹಿಸಬೇಕು. ವಕೀಲರ ನೋಟಿಸೇ ಆಗಬೇಕೆಂದು ಕಾಯ್ದೆ ಹೇಳುವುದಿಲ್ಲ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳೂ ಬರೆಯಬಹುದಾದಷ್ಟೇ ಸರಳ:

'ಮಾನ್ಯರೇ, ಇಂಥ ತಾರೀಕಿನಂದು ನಿಮ್ಮ ಅಂಗಡಿಯಿಂದ ಇಷ್ಟನೇ ನಂಬರಿನ ಬಿಲ್ಲಿನಲ್ಲಿ ಸಾಗುವಾನಿ ಮಂಚ ಮತ್ತು ಕಪಾಟನ್ನು 42,000 ರೂಪಾಯಿಗೆ ಕೊಂಡಿದ್ದೇನೆ. ಇಂಥ ದಿನ ಅವು ಮನೆಗೆ ತಲುಪಿದವು. ಇಂಥ ದಿನದಿಂದ ಮಂಚದ ಕಾಲಿನಿಂದ ಹುಡಿ ಉದುರುತ್ತಿದೆ, ಕಪಾಟಿನ ಬಾಗಿಲು ಉಬ್ಬಿ ಸಿಪ್ಪೆ ಎದ್ದಿದೆ. ಫೋಟೋ ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 15 ದಿನದೊಳಗೆ ಎರಡನ್ನೂ ಬದಲಿಸಿ ಕೊಡಿ ಅಥವಾ ಹಣ ಹಿಂದಿರುಗಿಸಿ. ಇಲ್ಲವಾದರೆ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ.'

ಇಷ್ಟೇ. ಬೈಗುಳ ಬೇಡ, ಬೆದರಿಕೆ ಬೇಡ. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಶೀದಿ ಇಟ್ಟುಕೊಳ್ಳಬೇಕು, ಪತ್ರದ ಒಂದು ಪ್ರತಿಯನ್ನೂ ಇಟ್ಟುಕೊಳ್ಳಬೇಕು. ವಾಟ್ಸ್ಆ್ಯಪಿನಲ್ಲೂ ಕಳುಹಿಸಿದರೆ ನಷ್ಟವಿಲ್ಲ. ಒಳ್ಳೆಯ ಅಂಗಡಿಯವರು ಈ ಹಂತದಲ್ಲೇ ದಾರಿಗೆ ಬರುವುದೂ ಉಂಟು. ಬದಲಿಸಿ ಕೊಡಲು ಒಪ್ಪಿದರೆ ಯಾವ ದಿನದೊಳಗೆ, ಯಾವ ಮರದ್ದು, ಸಾಗಾಟದ ಖರ್ಚು ಯಾರದ್ದು ಎಂಬುದನ್ನೂ ಬರೆಸಿಕೊಳ್ಳಬೇಕು.

ಉತ್ತರ ಬಾರದಿದ್ದರೆ 1915 ಎಂಬ ನಂಬರಿಗೆ ಫೋನ್ ಮಾಡಬಹುದು. ಇದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 17 ಭಾಷೆಗಳಲ್ಲಿ ಸೇವೆ ಇದೆ, ಕನ್ನಡವೂ ಉಂಟು, ಮಲಯಾಳವೂ ಉಂಟು. ಅವರು ಅಂಗಡಿ ಅಥವಾ ಕಂಪೆನಿಗೆ ದೂರು ತಲುಪಿಸಿ ರಾಜಿಗೆ ಯತ್ನಿಸುತ್ತಾರೆ. ಆದರೆ ಅದು ಕೋರ್ಟಲ್ಲ, ಹಣ ಕೊಡಿ ಎಂದು ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಆ ಅಧಿಕಾರ ಇರುವುದು ಆಯೋಗಕ್ಕೆ.

ಆಯೋಗದ ಮೆಟ್ಟಿಲು ಹತ್ತಿದರೆ

ಗ್ರಾಹಕ ಆಯೋಗ ಎಂದರೆ ಕರಿ ಕೋಟು, ವರ್ಷಗಟ್ಟಲೆ ಅಲೆದಾಟ, ವಕೀಲರ ಫೀಸು ಎಂದು ಹೆದರುವವರೇ ಹೆಚ್ಚು. ನಿಜ ಸಂಗತಿ ಬೇರೆ. ಕೊಂಡ ಮಾಲಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ. 50 ಲಕ್ಷದವರೆಗಿನದ್ದು ಜಿಲ್ಲಾ ಆಯೋಗದಲ್ಲೇ ನಡೆಯುತ್ತದೆ. ವಕೀಲರು ಇರಲೇಬೇಕೆಂದಿಲ್ಲ, ಗ್ರಾಹಕರೇ ನಿಂತು ಮಾತಾಡಬಹುದು. ವಕೀಲರು ಬೇಕು ಎನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರಿಗೆ ಆದಾಯದ ಮಿತಿಯಿಲ್ಲದೆ ಆ ಹಕ್ಕು ಇದೆ. ಬೀಡಿ ಕಟ್ಟುವ ತಾಯಿಯ ಹೆಸರಿನಲ್ಲೇ ಬಿಲ್ ಇದ್ದರೆ ದೂರೂ ಅವರ ಹೆಸರಿನಲ್ಲೇ, ನೆರವೂ ಅವರಿಗೇ.

ದೂರನ್ನು ದೋಷ ಕಂಡು ಎರಡು ವರ್ಷದೊಳಗೆ ಕೊಡಬೇಕು. ತಡವಾದರೆ ತಕ್ಕ ಕಾರಣ ತೋರಿಸಬೇಕಾಗುತ್ತದೆ. ಅಂಗಡಿಯವರನ್ನು ಮಾತ್ರವಲ್ಲದೆ ತಯಾರಿಸಿದ ಕಂಪೆನಿಯ ಹೆಸರು ಗೊತ್ತಿದ್ದರೆ ಅವರನ್ನೂ ಎದುರುದಾರರನ್ನಾಗಿ ಸೇರಿಸುವುದು ಒಳ್ಳೆಯದು. 'ನಾವು ಬರೀ ಮಾರುವವರು' ಎಂದು ಒಬ್ಬರು ಇನ್ನೊಬ್ಬರ ಮೇಲೆ ಹೊರೆ ಹಾಕುವುದು ಆಗ ತಪ್ಪುತ್ತದೆ.

ದೂರು ಅಂಗೀಕಾರವಾದ ಮೇಲೆ ಎದುರುದಾರರಿಗೆ ನೋಟಿಸು ಹೋಗುತ್ತದೆ. ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಎರಡೂ ಕಡೆಯವರು ಒಪ್ಪಿದರೆ ಮಧ್ಯಸ್ಥಿಕೆಯಲ್ಲಿ ಮುಗಿಸುವ ದಾರಿಯೂ ಇದೆ. ಮರದ ಪರೀಕ್ಷೆ ಬೇಕಿಲ್ಲದಿದ್ದರೆ ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಕಡತಗಳ ರಾಶಿಯಿಂದ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದೂ ಉಂಟು, ಅದನ್ನು ಮುಚ್ಚಿಡುವಂತಿಲ್ಲ. ಪ್ರಯೋಗಾಲಯಕ್ಕೆ ಕಳುಹಿಸುವುದಾದರೆ ಅದರ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕಾಗುತ್ತದೆ.

ದೋಷ ಸಾಬೀತಾದರೆ ಆಯೋಗ ಏನು ಮಾಡಬಹುದು? ದೋಷ ಸರಿಪಡಿಸಿ ಎನ್ನಬಹುದು, ಹೊಸ ಮಂಚ ಕೊಡಿ ಎನ್ನಬಹುದು, ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಿ ಎನ್ನಬಹುದು. ಅಲೆದಾಟ, ಮನೋವ್ಯಥೆಗೆ ಪರಿಹಾರ, ದೂರಿನ ಖರ್ಚು ಕೂಡ ಕೊಡಿಸಬಹುದು. ಮಂಚ ಮುರಿದು ಮನೆಯ ಅಜ್ಜಿಯ ಸೊಂಟಕ್ಕೆ ಪೆಟ್ಟಾದರೆ ಅದು ಇನ್ನೂ ದೊಡ್ಡ ವಿಷಯ. ದೋಷವುಳ್ಳ ಮಾಲಿನಿಂದ ಆದ ಗಾಯಕ್ಕೆ ತಯಾರಕ, ಮಾರಾಟಗಾರರಿಂದ ಪರಿಹಾರ ಕೇಳುವ ಅವಕಾಶ 2019ರ ಕಾಯ್ದೆಯಲ್ಲಿ ಪ್ರತ್ಯೇಕವಾಗಿ ಇದೆ. ಆಸ್ಪತ್ರೆಯ ಚೀಟಿಗಳನ್ನು ಎಸೆಯಬಾರದು.

ಒಂದು ಮಾತು ನೆನಪಿರಲಿ. ಹೋಟೆಲಿಗೆ, ಲಾಡ್ಜಿಗೆ, ಮತ್ತೆ ಮಾರಲು ಕೊಂಡ ಮಾಲಿಗೆ ಸಾಮಾನ್ಯವಾಗಿ ಈ ಕಾಯ್ದೆ ಅನ್ವಯಿಸುವುದಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡದ್ದಾದರೆ ಬೇರೆ. ಮನೆಯಲ್ಲೇ ಬಟ್ಟೆ ಹೊಲಿಯುವವರು ಕೊಂಡ ಮೇಜಿಗೆ ರಕ್ಷಣೆ ಉಂಟು.

ಭಾಷೆ ತೊಡಕಾಗಬಾರದು

ಕಾಸರಗೋಡಿನ ಕನ್ನಡಿಗರಿಗೆ ಎದುರಾಗುವ ಇನ್ನೊಂದು ತೊಡಕು ಭಾಷೆಯದ್ದು. ಮಲಯಾಳದಲ್ಲಿ ಗ್ರಾಹಕ ಎಂದರೆ 'ಉಪಭೋಕ್ತಾವ್', ವ್ಯಾಜ್ಯ ಎಂದರೆ 'ತರ್ಕ'. ಬೋರ್ಡಿನಲ್ಲಿ 'ತರ್ಕ ಪರಿಹಾರ' ಎಂದು ಓದಿದ ಹಿರಿಯರು ಇದು ಬೇರೇನೋ ಆಫೀಸು ಎಂದುಕೊಂಡರೆ ಆಶ್ಚರ್ಯವಿಲ್ಲ. ಹುಡುಕಬೇಕಾದ ಬೋರ್ಡು ಅದೇ!

ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ, ಅಲ್ಪಸಂಖ್ಯಾತ ಪ್ರದೇಶಗಳ ಸ್ಥಳೀಯ ಸರ್ಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡುವ, ತಮ್ಮ ಭಾಷೆಯಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಆಯೋಗದಲ್ಲಿ ನಡೆಯುವುದು ಮಾತ್ರ ಕೋರ್ಟಿನಂಥ ವಿಚಾರಣೆ. ಆದ್ದರಿಂದ ಮಂಗಳೂರಿನ ಬಿಲ್, ಗ್ಯಾರಂಟಿ ಕಾರ್ಡು, ಪತ್ರ ಕನ್ನಡದಲ್ಲಿದ್ದರೆ ಅವುಗಳ ಮಲಯಾಳ ಅಥವಾ ಇಂಗ್ಲಿಷ್ ಅನುವಾದವನ್ನೂ ಜೊತೆಗಿಟ್ಟರೆ ಕೆಲಸ ಬೇಗ ಸಾಗುತ್ತದೆ. ಅನುವಾದಕ್ಕೆ ಮನೆಯ ಅಥವಾ ನೆರೆಮನೆಯ ಶಾಲೆ ಮಕ್ಕಳ ಸಹಾಯ ಸಾಕಾಗಬಹುದು, ಎರಡು ಭಾಷೆ ಬಲ್ಲ ಮಕ್ಕಳಿಗೆ ಗಡಿನಾಡಿನಲ್ಲಿ ಬರವಿಲ್ಲ.

ಕಾಸರಗೋಡಿಗೂ ಹೋಗಲಾಗದವರು ಆನ್‌ಲೈನಿನಲ್ಲೇ ದೂರು ಕೊಡಬಹುದು. 2020ರಲ್ಲಿ ಬಂದ 'ಇ-ದಾಖಿಲ್' ವ್ಯವಸ್ಥೆಯ ಮುಂದುವರಿಕೆಯಾಗಿ 2025ರ ಜನವರಿಯಿಂದ 'ಇ-ಜಾಗೃತಿ' ಎಂಬ ಜಾಲತಾಣ ಇದೆ. ಕಾಗದ ಸ್ಕ್ಯಾನ್ ಮಾಡಿ ಏರಿಸಲು ಊರಿನ ಅಕ್ಷಯ ಕೇಂದ್ರದಲ್ಲಿ ಕೇಳಿಕೊಳ್ಳಬಹುದು. ವಿಡಿಯೋ ಮೂಲಕ ಹಾಜರಾಗಲು ಅನುಮತಿ ಕೇಳುವ ಅವಕಾಶವನ್ನೂ ಕಾಯ್ದೆ ಕೊಟ್ಟಿದೆ.

ಕೇರಳದ ಆದೇಶ ಮಂಗಳೂರಿನಲ್ಲಿ ನಡೆಯುತ್ತದೆಯೇ?

ಇದು ಎಲ್ಲರೂ ಕೇಳುವ ಕೊನೆಯ ಪ್ರಶ್ನೆ. 'ಇಲ್ಲಿ ಆದೇಶ ಆದ್ರೂ ಅಲ್ಲಿಯವ್ರು ಕ್ಯಾರೇ ಅನ್ನದಿದ್ರೆ?' ಗ್ರಾಹಕ ಸಂರಕ್ಷಣಾ ಕಾಯ್ದೆ ಕೇಂದ್ರದ್ದು, ಕಾಸರಗೋಡಿಗೂ ಮಂಗಳೂರಿಗೂ ಒಂದೇ. ಆಯೋಗದ ಆದೇಶಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ, ಅದನ್ನು ಹಾಗೆಯೇ ಜಾರಿ ಮಾಡಿಸಬಹುದು. ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರಕ್ಕೆ ಕಡಿಮೆಯಿಲ್ಲದ, 1 ಲಕ್ಷದವರೆಗಿನ ದಂಡ, ಅಥವಾ ಎರಡೂ. ಅಂಗಡಿಯವರು ಮೇಲ್ಮನವಿಗೆ ಹೋಗಬೇಕಾದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಹೋಗಬೇಕು, ಕೊಡಬೇಕಾದ ಹಣದ ಅರ್ಧ ಭಾಗವನ್ನು ಮೊದಲೇ ಠೇವಣಿ ಇಡಬೇಕು. ಅಂದರೆ ಮಂಜೇಶ್ವರದ ಮಂಚದ ಜಗಳಕ್ಕೆ ಮಂಗಳೂರಿನ ಅಂಗಡಿಯವರು ತಿರುವನಂತಪುರದಲ್ಲಿರುವ ಕೇರಳ ರಾಜ್ಯ ಆಯೋಗದವರೆಗೆ ಹೋಗಬೇಕಾದೀತು. ಇದು ಗೊತ್ತಿರುವ ವ್ಯಾಪಾರಿ ಮೊದಲೇ ರಾಜಿಗೆ ಬರುವ ಸಾಧ್ಯತೆ ಹೆಚ್ಚು.

ಹುಡಿ ಗುಡಿಸುವ ಮೊದಲು

ಅಂಗಡಿಯವರು ಫೋನ್ ಎತ್ತದಿರಬಹುದು. ಸಂಘದ ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಹುಳ ತಿನ್ನುತ್ತಿರುವ ಮಂಚಕ್ಕೆ ತಾಯಿ ಇನ್ನೂ ಬೀಡಿ ಕಟ್ಟಿ ಹಣ ಕಟ್ಟುತ್ತಿರುತ್ತಾರೆ. 'ಹೋಗ್ಲಿ ಬಿಡು' ಎಂಬ ಮಾತಿನ ನಿಜವಾದ ಬೆಲೆ ಅದು.

ಆದ್ದರಿಂದ ಕೊಳ್ಳುವ ದಿನ ಬಿಲ್ಲಿನಲ್ಲಿ ಮರದ ಹೆಸರನ್ನು ಬರೆಸಬೇಕು. 'ಮಂಚ ಒಂದು' ಎಂದಷ್ಟೇ ಬರೆದರೆ ಸಾಲದು, 'ಸಾಗುವಾನಿ ಮಂಚ' ಎಂದೇ ಇರಬೇಕು. ಗ್ಯಾರಂಟಿ ಎಷ್ಟು ವರ್ಷ, ಹುಳಕ್ಕೂ ಉಂಟೋ ಇಲ್ಲವೋ ಕೇಳಿ ಬರೆಸಬೇಕು. ಹಣವನ್ನು ಸಾಧ್ಯವಾದರೆ ಬ್ಯಾಂಕ್ ಅಥವಾ ಮೊಬೈಲ್ ಮೂಲಕ ಕೊಟ್ಟರೆ ಅದರ ಗುರುತು ಉಳಿಯುತ್ತದೆ. ಬಿಲ್ಲಿನ ಅಕ್ಷರ ಕೆಲವೊಮ್ಮೆ ಆರು ತಿಂಗಳಲ್ಲೇ ಮಾಸಿ ಹೋಗುತ್ತದೆ, ಬಂದ ದಿನವೇ ಅದರ ಫೋಟೋ ತೆಗೆದಿಟ್ಟರೆ ಚಿಂತೆಯಿಲ್ಲ. ಮದುವೆಯ ಖರ್ಚಿನ ಲೆಕ್ಕದ ಪುಸ್ತಕದ ಜೊತೆಯಲ್ಲೇ ಈ ಬಿಲ್ಲಿಗೂ ಒಂದು ಜಾಗ ಇರಲಿ.

ಮತ್ತೆ ಬೆಳಿಗ್ಗೆ ಕೋಣೆ ಗುಡಿಸುವಾಗ ಮಂಚದ ಬುಡದಲ್ಲಿ ಹುಡಿ ಕಂಡರೆ, ಅದನ್ನು ಹೊರಗೆ ಹಾಕುವ ಮೊದಲು ಒಂದು ಫೋಟೋ ತೆಗೆದು, ಸ್ವಲ್ಪ ಹುಡಿಯನ್ನು ಕಾಗದದಲ್ಲಿ ಕಟ್ಟಿ ದಿನಾಂಕ ಬರೆದಿಡಿ. ತಲಪಾಡಿ ದಾಟಬೇಕಾಗಿಲ್ಲ. ಆ ಹುಡಿಯ ಪೊಟ್ಟಣ, ಬಿಲ್ಲು, ಪತ್ರದ ಪ್ರತಿ ಇಷ್ಟನ್ನು ಹಿಡಿದು ಕಾಸರಗೋಡಿನ ಬಸ್ಸು ಹತ್ತಿದರೆ ಸಾಕು.